ರೋಗಾಣುಗಳ ಭಯ ಮತ್ತು ಹೆಪ್ಪುಗಟ್ಟದ ಹಾಲು



2020ರ ಫೆಬ್ರವರಿ, ಮಾರ್ಚ್ ತಿಂಗಳುಗಳನ್ನು ನಮ್ಮ ಕೋಳಿ ಸಾಕಣೆದಾರರು ಸುಲಭವಾಗಿ ಮರೆಯಲಾರರು. ಕೋಳಿಮಾಂಸ ತಿಂದರೆ ಕೊರೊನಾ ಬರುತ್ತದೆ ಎಂಬ ಸುದ್ದಿ ಎಲ್ಲಿಯೋ ಹುಟ್ಟಿ, ಮೊಬೈಲಿನಿಂದ ಮೊಬೈಲಿಗೆ ಹಾರಿ, ಕೆಲವೇ ವಾರಗಳಲ್ಲಿ ಕೋಳಿಯ ಬೆಲೆ ನೆಲಕಚ್ಚಿತು. ಆಹಾರದ ಖರ್ಚೂ ಹುಟ್ಟದೆ ಕೆಲವರು ಜೀವಂತ ಕೋಳಿಗಳನ್ನೇ ಗುಂಡಿಗೆ ತಳ್ಳಿ ಮಣ್ಣು ಮುಚ್ಚಿದರು. ಕೋಳಿಯಿಂದ ಈ ರೋಗ ಹರಡುವುದಿಲ್ಲವೆಂದು ಸರ್ಕಾರವೂ ವಿಜ್ಞಾನಿಗಳೂ ಹೇಳಿದ ಮಾತು ಯಾರ ಕಿವಿಗೂ ಬೀಳಲಿಲ್ಲ. ಮುಂದಿನ ತಿಂಗಳುಗಳಲ್ಲಿ ಪಟ್ಟಣದ ಜನ ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆದರು, ಹಾಲಿನ ಪ್ಯಾಕೆಟ್ಟನ್ನು ಸ್ಯಾನಿಟೈಸರ್ ಹಾಕಿ ಒರೆಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಊಟಕ್ಕೆ ಮೊದಲು ಸೋಪು ಹಚ್ಚಿ ಕೈತೊಳೆಯುವ ಅಭ್ಯಾಸವೂ ಎಷ್ಟೋ ಮನೆಗಳಲ್ಲಿ ಬಿಟ್ಟುಹೋಯಿತು.

ರೋಗಾಣುಗಳ ವಿಷಯದಲ್ಲಿ ಜನರ ಮನಸ್ಸು ಹೀಗೆಯೇ. ಒಮ್ಮೆ ಅತಿಯಾದ ಭಯ, ಮತ್ತೊಮ್ಮೆ ಪೂರ್ಣ ಉದಾಸೀನ. ಈ ಹೊಯ್ದಾಟದ ಬೆಲೆಯನ್ನು ಹೆಚ್ಚಾಗಿ ತೆರುವವನು ರೈತ. ಆದ್ದರಿಂದ ಈ ವಿಷಯ ವೈದ್ಯರಿಗೆ ಮಾತ್ರ ಸೇರಿದ್ದೆಂದು ತಿಳಿಯದೆ ನೀವೂ ನಿಧಾನವಾಗಿ ಯೋಚಿಸಬೇಕೆಂದು ನನ್ನ ವಿನಂತಿ.

ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಸಾಂಕ್ರಾಮಿಕ ರೋಗವೆಂದರೆ ಅಮ್ಮನ ಕೋಪ. ಸಿಡುಬು ಬಂದವರಿಗೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. 1898ರಲ್ಲಿ ರೈಲಿನ ದಾರಿ ಹಿಡಿದು ಪ್ಲೇಗು ಬೆಂಗಳೂರಿಗೆ ಬಂದಾಗ ಅದಕ್ಕೂ ಒಬ್ಬ ಪ್ಲೇಗಿನ ಮಾರಮ್ಮ ಹುಟ್ಟಿಕೊಂಡಳು. ಆಕೆಯ ಗುಡಿಗಳು ಇಂದಿಗೂ ಇವೆ. ಅದಕ್ಕೆ ನಾಲ್ಕು ವರ್ಷ ಮೊದಲೇ, 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಪ್ಲೇಗಿನ ದುಂಡಾಣುವನ್ನು ಕಂಡುಹಿಡಿದಿದ್ದರು. 1897ರ ಜನವರಿಯಲ್ಲಿ ಹಾಫ್‌ಕಿನ್ ಅವರು ಮುಂಬಯಿಯಲ್ಲಿ ತಾವು ತಯಾರಿಸಿದ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ಆದರೂ ಜನ ಲಸಿಕೆಗೆ ಹೆದರಿ ಓಡಿದರು, ರೋಗಿಗಳನ್ನು ಮನೆಯೊಳಗೆ ಅಡಗಿಸಿಟ್ಟರು. ಇದು ಬರಿಯ ಮೌಢ್ಯವೆನ್ನುವುದು ನ್ಯಾಯವಲ್ಲ. ಮನೆಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಿದ್ದ ಅಧಿಕಾರಿಗಳ ಒರಟುತನವನ್ನು ಕಂಡ ಜನ ಅವರ ಸೂಜಿಯನ್ನು ಹೇಗೆ ನಂಬಿಯಾರು?

ಇಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ನಮ್ಮ ಹಳ್ಳಿಗಳ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ತರುವುದು ಇಲಿಯ ಮೈಮೇಲಿನ ಚಿಗಟ ಎಂಬುದನ್ನು ಸಿಮೋಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅದನ್ನು ಉಳಿದ ವೈದ್ಯರು ಒಪ್ಪಲು ಇನ್ನೂ ಕೆಲವು ವರ್ಷಗಳು ಹಿಡಿದವು. ಇಲಿ ಸತ್ತ ಮೇಲೆ ಹಸಿದ ಚಿಗಟಗಳು ಮನುಷ್ಯನ ಮೇಲೆ ಬೀಳುತ್ತವೆ. ಆಗ ಮನೆ ಬಿಟ್ಟು ಹೋಗುವುದೇ ಸರಿಯಾದ ಉಪಾಯ. ಕಾರಣ ತಿಳಿಯದಿದ್ದರೂ ಕಣ್ಣಿಟ್ಟು ನೋಡಿದವರು ಸರಿಯಾದ ಕೆಲಸವನ್ನೇ ಮಾಡಿದ್ದರು. ಮಲೆನಾಡಿನ ರೈತರಿಗೆ ಇದರ ಅರ್ಥ ಚೆನ್ನಾಗಿ ಆಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯನ್ನು ಗುರುತಿಸಿದಂದಿನಿಂದ, ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಉಣ್ಣೆಗಳ ಬಗ್ಗೆ ಎಚ್ಚರವಿರಬೇಕೆಂದು ಅಲ್ಲಿನ ಮಕ್ಕಳಿಗೂ ಗೊತ್ತು.

ಇನ್ನು ಮಡಿಯ ಮಾತು. ಮಡಿ ಬೇರೆ, ಶುಚಿ ಬೇರೆ. ಮಡಿಯುಟ್ಟು ತಂದ ನೀರಿನಲ್ಲಿ ಕಾಲರಾ ಇರಬಹುದು. ಸತ್ತ ದನವನ್ನು ಸಾಗಿಸುವವರನ್ನು ಮೈಲಿಗೆಯೆಂದು ದೂರವಿಟ್ಟ ಸಮಾಜ, ಅವರ ಕೈಗೆ ಒಂದು ಚೀಲವನ್ನಾಗಲಿ ಒಂದು ತುಂಡು ಸೋಪನ್ನಾಗಲಿ ಕೊಡಲಿಲ್ಲ. ರೋಗಾಣು ಜಾತಿ ಕೇಳುವುದಿಲ್ಲ. ನಮ್ಮ ಊರುಗಳಲ್ಲಿ ಶುಚಿತ್ವದ ಪಾಠ ತಡವಾಗಿದ್ದಕ್ಕೆ, ನಾವು ಮಡಿಯನ್ನೇ ಶುಚಿಯೆಂದು ತಿಳಿದದ್ದು ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಶಾಪದ ಹೊಲದಿಂದ ಪ್ರಯೋಗಶಾಲೆಗೆ

ರೋಗಕ್ಕೆ ಕಾರಣ ಕಣ್ಣಿಗೆ ಕಾಣದ ಜೀವಿ ಎಂಬ ತಿಳಿವಳಿಕೆ ಬಂದದ್ದು ಆಸ್ಪತ್ರೆಯಿಂದ ಮಾತ್ರವಲ್ಲ, ಕೊಟ್ಟಿಗೆಯಿಂದಲೂ ಹೌದು ಎಂಬುದನ್ನು ಗಮನಿಸಿ. ಫ್ರಾನ್ಸ್ ದೇಶದಲ್ಲಿ ಕೆಲವು ಹೊಲಗಳಿಗೆ ‘ಶಾಪದ ಹೊಲ’ ಎಂದು ಹೆಸರಿತ್ತು. ಅಲ್ಲಿ ಮೇಯಲು ಬಿಟ್ಟ ಕುರಿಗಳು ನೆರಡಿ ರೋಗದಿಂದ ಸಾಯುತ್ತಿದ್ದವು. 1876ರಲ್ಲಿ ಜರ್ಮನಿಯ ಹಳ್ಳಿಗಾಡಿನ ವೈದ್ಯರಾಗಿದ್ದ ರಾಬರ್ಟ್ ಕಾಕ್ ಅವರು ಈ ರೋಗದ ದುಂಡಾಣುವಿನ ಜೀವನಚರಿತ್ರೆಯನ್ನು ಬಿಡಿಸಿ ತೋರಿಸಿದರು. ಅದು ಗಟ್ಟಿ ಕವಚದ ಬೀಜಾಣುವಾಗಿ ಮಣ್ಣಿನಲ್ಲಿ ಹಲವು ದಶಕಗಳು ಬದುಕಿರಬಲ್ಲದು. ಹೂತಿಟ್ಟ ಪ್ರಾಣಿಗಳಿಂದ ಈ ಬೀಜಾಣುಗಳನ್ನು ಎರೆಹುಳುಗಳು ಮೇಲಕ್ಕೆ ತರುತ್ತವೆಂದು ಲೂಯಿ ಪಾಶ್ಚರ್ ತಿಳಿಸಿದರು. 1881ರಲ್ಲಿ ರೈತರೂ ಪತ್ರಕರ್ತರೂ ನೋಡುತ್ತಿದ್ದಂತೆ ಬಹಿರಂಗ ಪ್ರಯೋಗ ನಡೆಸಿ, ಲಸಿಕೆ ಹಾಕಿದ ಕುರಿಗಳು ಉಳಿದು ಹಾಕದ ಕುರಿಗಳು ಸಾಯುವುದನ್ನು ಅವರು ತೋರಿಸಿಕೊಟ್ಟರು. ಶಾಪ ಹೋಯಿತು, ರೋಗಾಣು ಬಂತು. ಇಂದಿಗೂ ನೆರಡಿಯ ಸಂಶಯವಿರುವ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಆಳವಾಗಿ ಹೂಳಿ ಪಶುವೈದ್ಯರಿಗೆ ತಿಳಿಸಬೇಕು ಎನ್ನುವುದು ಈ ಕಾರಣದಿಂದಲೇ.

ಅಲ್ಲಿಂದ ಮುಂದಿನ ನೂರು ವರ್ಷ ಗೆಲುವಿನ ಕಾಲ. ಸಿಡುಬು ಭಾರತದಲ್ಲಿ ಕೊನೆಯದಾಗಿ 1975ರಲ್ಲಿ ಕಾಣಿಸಿಕೊಂಡಿತು. 1980ರಲ್ಲಿ ಇಡೀ ಪ್ರಪಂಚದಿಂದಲೇ ಹೋಯಿತೆಂದು ಸಾರಲಾಯಿತು. ನಮ್ಮ ಎತ್ತು, ಎಮ್ಮೆಗಳನ್ನು ಹಿಂಡುಹಿಂಡಾಗಿ ಕೊಂಡೊಯ್ಯುತ್ತಿದ್ದ ದೊಡ್ಡರೋಗವನ್ನು ನಿರ್ಮೂಲ ಮಾಡಲು 1954ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿ, 2011ರಲ್ಲಿ ಅದೂ ಜಗತ್ತಿನಿಂದ ಅಳಿಯಿತು. ಮನುಷ್ಯ ಬೇರುಸಹಿತ ಕಿತ್ತ ರೋಗಗಳು ಇಲ್ಲಿಯವರೆಗೆ ಎರಡೇ, ಅದರಲ್ಲಿ ಒಂದು ದನಕರುಗಳದ್ದು! ಇದರ ಬಗ್ಗೆ ನಾವು ಹೆಮ್ಮೆ ಪಟ್ಟದ್ದು ಕಡಿಮೆ. ಇಂದಿನ ತರುಣ ರೈತರಿಗೆ ದೊಡ್ಡರೋಗವೆಂದರೆ ಏನೆಂದೇ ತಿಳಿಯದು. ಲಸಿಕೆಯ ದೊಡ್ಡ ಗುಣವೂ ಅದೇ, ದೊಡ್ಡ ತೊಂದರೆಯೂ ಅದೇ. ರೋಗ ಕಣ್ಮರೆಯಾದೊಡನೆ ಅದರ ಭಯವೂ ಹೋಗುತ್ತದೆ, ಲಸಿಕೆ ಹಾಕುವವರು ಮನೆ ಬಾಗಿಲಿಗೆ ಬಂದರೆ ‘ಹಾಲು ಕಡಿಮೆಯಾಗುತ್ತದೆ, ಬೇಡ’ ಎನ್ನುವ ಮಾತು ಬರುತ್ತದೆ. ಕಾಲುಬಾಯಿ ಲಸಿಕೆಯಿಂದ ಒಂದೆರಡು ದಿನ ಹಾಲು ತುಸು ಇಳಿದರೂ ಇಳಿಯಬಹುದು. ರೋಗ ಬಂದರೆ ಇಡೀ ಸೂಲಿನ ಹಾಲೇ ಹೋಗುತ್ತದೆ.

ಮಣ್ಣಿನಿಂದ ಬಂದ ಮದ್ದು

ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ವಾಸನೆ ನಿಮಗೆಲ್ಲ ಪ್ರಿಯವಾದದ್ದು. ಆ ವಾಸನೆಯನ್ನು ಉಂಟುಮಾಡುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳ ವರ್ಗದಿಂದಲೇ ಕ್ಷಯರೋಗಕ್ಕೆ ಮೊದಲ ಮದ್ದು ಸಿಕ್ಕಿತು. 1943ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕೃಷಿ ಕಾಲೇಜಿನಲ್ಲಿ ಮಣ್ಣಿನ ವಿಜ್ಞಾನಿ ವಾಕ್ಸ್‌ಮನ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಶಾಟ್ಜ್ ಎಂಬ ತರುಣ ಸ್ಟ್ರೆಪ್ಟೊಮೈಸಿನ್ ಕೊಡುವ ಎರಡು ತಳಿಗಳನ್ನು ಬೇರ್ಪಡಿಸಿದರು. ಒಂದು ಚೆನ್ನಾಗಿ ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ, ಇನ್ನೊಂದು ಒಂದು ಕೋಳಿಯ ಗಂಟಲಿನಿಂದ. (1952ರ ನೊಬೆಲ್ ಬಹುಮಾನ ವಾಕ್ಸ್‌ಮನ್‌ರೊಬ್ಬರಿಗೇ ಸಂದಿತು. ಹೊಲದಲ್ಲಿ ದುಡಿದವನ ಹೆಸರು ಹಿಂದುಳಿಯುವುದು ನಮಗೇನೂ ಹೊಸತಲ್ಲ.)

ಪೆನ್ಸಿಲಿನ್, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಹೀಗೆ ಒಂದರ ಹಿಂದೊಂದು ಪ್ರತಿಜೈವಿಕ ಔಷಧಿಗಳು ಬಂದಂತೆ ಜನರ ಮನೋಭಾವ ಮತ್ತೆ ಬದಲಾಯಿತು. ರೋಗಾಣು ಈಗ ದೇವಿಯೂ ಅಲ್ಲ, ಅಂಜಬೇಕಾದ ಶತ್ರುವೂ ಅಲ್ಲ. ಒಂದು ಇಂಜೆಕ್ಷನ್ ಚುಚ್ಚಿದರೆ ಮುಗಿಯಿತು. ‘ಡಾಕ್ಟರೇ, ಒಂದು ಸೂಜಿ ಹಾಕಿಬಿಡಿ’ ಎನ್ನುವುದು ನಮ್ಮ ಹಳ್ಳಿಗಳಲ್ಲಿ ಮನುಷ್ಯನಿಗೂ ದನಕ್ಕೂ ಸಮಾನವಾದ ಮಾತು. ಸೂಜಿ ಹಾಕದ ವೈದ್ಯ ವೈದ್ಯನೇ ಅಲ್ಲ. ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರು 1945ರಲ್ಲಿ ನೊಬೆಲ್ ಬಹುಮಾನ ಸ್ವೀಕರಿಸಿದಾಗಲೇ, ಸಾಲದಷ್ಟು ಪ್ರಮಾಣದಲ್ಲಿ ಔಷಧಿ ಕೊಟ್ಟರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆಂದು ಎಚ್ಚರಿಸಿದ್ದರು. ಕಳೆನಾಶಕ ಹೊಡೆದ ಹೊಲದಲ್ಲಿ ಸಾಯದೆ ಉಳಿದ ಒಂದೆರಡು ಕಳೆ ಗಿಡಗಳು ಬೀಜ ಉದುರಿಸಿದರೆ ಮುಂದಿನ ವರ್ಷ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿಯೂ ಅದೇ ಲೆಕ್ಕ. ಕಳೆಗೆ ಒಂದು ವರ್ಷ ಬೇಕಾದರೆ ದುಂಡಾಣುವಿಗೆ ಅರ್ಧ ಗಂಟೆಯೂ ಸಾಕು.

2019ರ ಒಂದೇ ವರ್ಷದಲ್ಲಿ, ಔಷಧಿಗೆ ಬಗ್ಗದ ದುಂಡಾಣುಗಳಿಂದಲೇ ಪ್ರಪಂಚದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ಅಂದಾಜು ಮಾಡಲಾಗಿದೆ. ಇದರ ದೊಡ್ಡ ಪಾಲು ಹೊಣೆ ಆಸ್ಪತ್ರೆಗಳದು, ಚೀಟಿಯಿಲ್ಲದೆ ಮಾತ್ರೆ ಮಾರುವ ಅಂಗಡಿಗಳದು, ಎರಡು ಮಾತ್ರೆ ನುಂಗಿ ಜ್ವರ ಇಳಿದೊಡನೆ ಉಳಿದದ್ದನ್ನು ಗೂಡಿನಲ್ಲಿಡುವ ನಮ್ಮೆಲ್ಲರದು. ಆದರೆ ಕೊಟ್ಟಿಗೆಯ ಪಾಲೂ ಇದೆ. ಕೊಲಿಸ್ಟಿನ್ ಎಂಬುದು ಮನುಷ್ಯನಿಗೆ ಬೇರೆ ಯಾವ ಮದ್ದೂ ನಾಟದಿದ್ದಾಗ ವೈದ್ಯರು ಕೊನೆಯಲ್ಲಿ ತೆಗೆಯುವ ಔಷಧಿ. ಅದನ್ನೇ ಕೋಳಿ, ಹಂದಿಗಳು ಬೇಗ ತೂಕ ಬರಲೆಂದು ಆಹಾರದಲ್ಲಿ ಬೆರೆಸಲಾಗುತ್ತಿತ್ತು. ಕೊಲಿಸ್ಟಿನ್‌ಗೆ ಬಗ್ಗದ ಗುಣ ಒಂದು ದುಂಡಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲದೆಂದು 2015ರಲ್ಲಿ ಚೀನಾದಲ್ಲಿ ಕಂಡುಬಂದಿತು. 2019ರಲ್ಲಿ ಭಾರತ ಸರ್ಕಾರ ಅದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ನಿಷೇಧಿಸಿತು. ಕೋಳಿ ಆಹಾರದ ಚೀಲದಲ್ಲಿ ಏನು ಬೆರೆಸಿದೆ ಎಂದು ಕೇಳಿ ತಿಳಿಯುವುದು ಸಾಕಣೆದಾರರ ಹಕ್ಕು. ದಾಳಿಂಬೆಯ ದುಂಡಾಣು ಅಂಗಮಾರಿಗೆ ಸ್ಟ್ರೆಪ್ಟೊಮೈಸಿನ್ ಬೆರೆತ ಪುಡಿಯನ್ನು ವರ್ಷಗಟ್ಟಲೆ ಸಿಂಪಡಿಸಿದ ತೋಟಗಳನ್ನು ನೀವು ನೋಡಿದ್ದೀರಿ. ರೋಗ ಹೋಯಿತೇ ಎಂದು ಆ ಬೆಳೆಗಾರರನ್ನೇ ಕೇಳಿ. ಚಾಟನಿ ಮಾಡಿದ ರೋಗದ ಕೊಂಬೆಗಳನ್ನು ತೋಟದಲ್ಲೇ ಬಿಟ್ಟು ಮೇಲೆ ಎಷ್ಟು ಸಿಂಪಡಿಸಿದರೇನು!

ಹೆಪ್ಪುಗಟ್ಟದ ಹಾಲು

ಈಗ ನಮ್ಮ ಮನೆಯಂಗಳದ ಮಾತಿಗೆ ಬರೋಣ. ಕೆಚ್ಚಲು ಬಾವು ಬಂದ ಹಸುವಿಗೆ ಪಶುವೈದ್ಯರು ಮೊಲೆಯೊಳಗೆ ಮುಲಾಮಿನ ಟ್ಯೂಬು ಏರಿಸುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ. ಮರುದಿನ ಬಾವು ಇಳಿಯುತ್ತದೆ, ಹಾಲು ನೋಡಲು ಸ್ವಚ್ಛವಾಗುತ್ತದೆ. ಮನೆಯಾಕೆ ಅದನ್ನು ಕಾಯಿಸಿ, ಆರಿಸಿ, ಎಂದಿನಂತೆ ಹೆಪ್ಪು ಹಾಕುತ್ತಾಳೆ. ಬೆಳಿಗ್ಗೆ ನೋಡಿದರೆ ಮೊಸರಾಗಿಲ್ಲ. ಹಾಲು ಹಾಲಾಗಿಯೇ ಇದೆ, ಇಲ್ಲವೆ ನೀರುನೀರಾಗಿ ಎಳೆಯುತ್ತದೆ. ಹೆಪ್ಪು ಸರಿಯಿಲ್ಲವೆಂದೋ, ಚಳಿಯೆಂದೋ, ಯಾರದೋ ಕಣ್ಣು ತಾಗಿತೆಂದೋ ಹೇಳುವುದುಂಟು. ಚಳಿಗೂ ಹೀಗಾಗಬಹುದು. ಆದರೆ ಮದ್ದು ಹಾಕಿದ ಹಸುವಿನ ಹಾಲಾದರೆ, ಬಹುಮಟ್ಟಿಗೆ ಆ ಮದ್ದು ಹಾಲಿಗೆ ಇಳಿದು ಹೆಪ್ಪಿನ ದುಂಡಾಣುಗಳನ್ನು ಕೊಂದಿದೆ ಎಂದೇ ತಿಳಿಯಬೇಕು.

ಮೊಸರು ಮಾಡುವುದೂ ದುಂಡಾಣುಗಳೇ ಎಂಬುದು ನಿಮಗೆ ತಿಳಿದದ್ದೇ. ಅವುಗಳನ್ನು ಕೊಲ್ಲುವ ಹಾಲು ನಿಮ್ಮ ಮಗುವಿನ ಹೊಟ್ಟೆಗೆ ಹೋದರೆ ಅಲ್ಲಿಯೂ ಕೆಲವನ್ನು ಕೊಲ್ಲುತ್ತದೆ, ಉಳಿದವಕ್ಕೆ ಮದ್ದನ್ನು ಎದುರಿಸುವ ಅಭ್ಯಾಸ ಮಾಡಿಸುತ್ತದೆ. ಕಾಯಿಸಿದರೆ ಎಲ್ಲ ಸರಿಹೋಗುತ್ತದೆಂದು ತಿಳಿಯಬೇಡಿ; ಕಾಯಿಸಿದರೆ ರೋಗಾಣು ಸಾಯುತ್ತದೆ, ಪ್ರತಿಜೈವಿಕದ ಅಂಶ ಬಹುಪಾಲು ಉಳಿಯುತ್ತದೆ. ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ದುಂಡಾಣುಗಳಿವೆಯೆಂದು 2016ರಲ್ಲಿ ಮಾಡಿದ ಒಂದು ಲೆಕ್ಕಾಚಾರ ಹೇಳುತ್ತದೆ. ಅಂದರೆ ನಮ್ಮ ದೇಹದ ಸ್ವಂತ ಜೀವಕೋಶಗಳ ಸಂಖ್ಯೆಗೆ ಹೆಚ್ಚುಕಡಿಮೆ ಸಮ. ಅವುಗಳಲ್ಲಿ ಹೆಚ್ಚಿನವು ಕರುಳಿನಲ್ಲಿದ್ದು, ಅನ್ನವನ್ನು ಅರಗಿಸಲು ನೆರವಾಗುತ್ತವೆ, ಕೆಟ್ಟ ಜೀವಿಗಳಿಗೆ ಜಾಗ ಬಿಡುವುದಿಲ್ಲ. ತೊಗರಿ, ಶೇಂಗಾ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಗಿಡಕ್ಕೆ ಹೇಗೋ ಹಾಗೆ.

ಆದ್ದರಿಂದ ಮದ್ದು ನಿಲ್ಲಿಸಿದ ಮೇಲೂ ಔಷಧಿಯ ಪೊಟ್ಟಣದ ಮೇಲೆ ಬರೆದಷ್ಟು ದಿನ, ಸಾಮಾನ್ಯವಾಗಿ ಮೂರು ನಾಲ್ಕು ದಿನ, ಆ ಹಸುವಿನ ನಾಲ್ಕೂ ಮೊಲೆಗಳ ಹಾಲನ್ನು ಡೇರಿಗೆ ಹಾಕಬಾರದು, ಮನೆಗೂ ಬಳಸಬಾರದು, ಕರುವಿಗೂ ಕುಡಿಸಬಾರದು. ಪೊಟ್ಟಣದ ಅಕ್ಷರ ಇರುವೆಯಷ್ಟಿದ್ದರೆ ವೈದ್ಯರನ್ನೇ ಕೇಳಿ ಬರೆಸಿಕೊಳ್ಳಿ. ಒಂದು ಹಸುವಿನ ಇಂಥ ಹಾಲು ಸೊಸೈಟಿಯ ಕ್ಯಾನಿಗೆ ಬಿದ್ದರೆ ಊರಿನವರೆಲ್ಲರ ಹಾಲಿಗೂ ಅದು ಸೇರುತ್ತದೆ. ಅದಕ್ಕಿಂತ ಮೊದಲು, ಬಾವು ಬಾರದಂತೆ ನೋಡಿಕೊಳ್ಳುವುದು ಲೇಸು. ಕರೆಯುವ ಮೊದಲು ಕೈಯನ್ನೂ ಕೆಚ್ಚಲನ್ನೂ ತೊಳೆದು ಒರೆಸಿ. ಕರೆದ ಮೇಲೆ ಮೊಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಅರ್ಧ ಗಂಟೆಯಾದರೂ ಹಸು ಮಲಗದಂತೆ ಮುಂದೆ ಮೇವು ಹಾಕಿ, ಏಕೆಂದರೆ ಅಷ್ಟು ಹೊತ್ತು ತೊಟ್ಟಿನ ಬಾಯಿ ತೆರೆದಿರುತ್ತದೆ. ರೋಗದ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ. ಮದ್ದನ್ನು ಹೇಳಿದಷ್ಟು ದಿನ ಪೂರ್ತಿ ಕೊಡಿ, ಮಧ್ಯದಲ್ಲಿ ಬಿಡಬೇಡಿ. ಕಾಲುಬಾಯಿ, ಚರ್ಮಗಂಟು ಮುಂತಾದವು ವೈರಾಣು ರೋಗಗಳು. ಪ್ರತಿಜೈವಿಕ ಔಷಧಿ ಆ ವೈರಾಣುವನ್ನು ಮುಟ್ಟಲಾರದು. ಹುಣ್ಣಿಗೆ ದುಂಡಾಣು ಸೇರಿದಾಗ ಮಾತ್ರ ವೈದ್ಯರು ಅದನ್ನು ಕೊಡುತ್ತಾರೆ.

ಎಲ್ಲ ಸೂಕ್ಷ್ಮಜೀವಿಯೂ ಮಿತ್ರನಲ್ಲ

ಇತ್ತೀಚೆಗೆ ಗಾಳಿ ಮತ್ತೊಂದು ಕಡೆಗೆ ಬೀಸುತ್ತಿದೆ. ಸೂಕ್ಷ್ಮಜೀವಿಗಳು ನಮ್ಮ ಮಿತ್ರರು, ನೈಸರ್ಗಿಕವಾದದ್ದೆಲ್ಲ ಆರೋಗ್ಯಕರ, ಸಗಣಿಯಲ್ಲಿ ರೋಗವೇ ಇಲ್ಲ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಇದರಲ್ಲಿ ಸ್ವಲ್ಪ ನಿಜವಿದೆ. ದೊಡ್ಡ ಕುಟುಂಬಗಳಲ್ಲಿ ಅಣ್ಣ ಅಕ್ಕಂದಿರ ನಡುವೆ ಬೆಳೆದ ಮಕ್ಕಳಿಗೆ ಅಲರ್ಜಿಯ ನೆಗಡಿ ಕಡಿಮೆಯೆಂದು ಇಂಗ್ಲೆಂಡಿನ ಸ್ಟ್ರಾಚನ್ ಅವರು 1989ರಲ್ಲಿ ಬರೆದರು. ಅಮೆರಿಕದಲ್ಲಿ ಆಮಿಷ್, ಹಟರೈಟ್ ಎಂಬ ಎರಡು ಬೇಸಾಯಗಾರ ಪಂಗಡಗಳಿವೆ. ಮೂಲವೂ ಊಟವೂ ಹೆಚ್ಚುಕಡಿಮೆ ಒಂದೇ. ಮನೆಗೆ ಹೊಂದಿದ ಕೊಟ್ಟಿಗೆ, ಕುದುರೆಗಳ ಉಳುಮೆ ಇಟ್ಟುಕೊಂಡ ಆಮಿಷ್ ಮಕ್ಕಳಲ್ಲಿ ಉಬ್ಬಸ, ಯಂತ್ರದ ಬೇಸಾಯ ಮಾಡುವ ಹಟರೈಟ್ ಮಕ್ಕಳಿಗಿಂತ ನಾಲ್ಕರಲ್ಲಿ ಒಂದು ಪಾಲು ಮಾತ್ರ ಎಂದು 2016ರಲ್ಲಿ ಪ್ರಕಟವಾಯಿತು. ನಿಮ್ಮ ಮಗು ಕರುವಿನ ಜೊತೆ ಆಡಿದರೆ, ಮಣ್ಣು ಮೆತ್ತಿಕೊಂಡರೆ ಗದರಬೇಕಾಗಿಲ್ಲ.

ಆದರೆ ಅದೇ ಕೊಟ್ಟಿಗೆಯಲ್ಲಿ ಕಂದುರೋಗವೂ ಇರಬಹುದು. ಗಬ್ಬದ ಹಸು ಆರೇಳು ತಿಂಗಳಿಗೆ ಕಂದು ಹಾಕಿದಾಗ, ಸತ್ತೆಯನ್ನು ಬರಿಗೈಯಲ್ಲಿ ಎಳೆದು ತೆಗೆದವರಿಗೆ, ಆ ಹಸುವಿನ ಹಸಿ ಹಾಲು ಕುಡಿದವರಿಗೆ ಬಿಟ್ಟುಬಿಟ್ಟು ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಮಲೇರಿಯವೆಂದೋ ಟೈಫಾಯಿಡ್ ಎಂದೋ ಔಷಧಿ ಮಾಡುತ್ತ ಹಣ ಕಳೆಯುವವರು ಬಹಳ. ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಂದೇ ಒಂದು ಸಲ ಹಾಕಿಸುವ ಲಸಿಕೆಯಿಂದ ಇದನ್ನು ತಡೆಯಬಹುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿಯ ಜೊತೆಗೆ ಇದನ್ನೂ ಸೇರಿಸಿದ್ದಾರೆ. ಹಸಿ ಹಾಲಿನಲ್ಲಿ ಶಕ್ತಿ ಹೆಚ್ಚೆಂಬ ಮಾತಿಗೆ ಕಿವಿಗೊಡದೆ ಹಾಲನ್ನು ಉಕ್ಕುವಂತೆ ಕಾಯಿಸಿ ಕುಡಿಯಿರಿ.

ಸಗಣಿ, ಗಂಜಲದ ದ್ರಾವಣಗಳ ಮಾತೂ ಅಷ್ಟೆ. ರಾಗಿ, ಜೋಳ, ತೆಂಗು, ಅಡಿಕೆಗಳ ಬುಡಕ್ಕೆ ಹಾಕುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಕೊತ್ತಂಬರಿ, ಪುದೀನ, ಸೌತೆ, ಮೂಲಂಗಿಗಳಂತೆ ಹಸಿಯಾಗಿ ತಿನ್ನುವ ಬೆಳೆಯ ಮೇಲೆ, ಕೊಯ್ಲಿಗೆ ಹತ್ತಿರವಿರುವಾಗ, ಹಸಿ ಸಗಣಿಯ ನೀರನ್ನು ಎರಚುವುದು ತಪ್ಪೆಂದೇ ನನ್ನ ಅಭಿಪ್ರಾಯ. ದನದ ಕರುಳಿನ ಕೆಲವು ದುಂಡಾಣುಗಳು ಮನುಷ್ಯನಿಗೆ ರಕ್ತಭೇದಿ ತರಬಲ್ಲವು. ತಿಪ್ಪೆಯ ಗೊಬ್ಬರ ಚೆನ್ನಾಗಿ ಬೆಂದು, ಒಳಗೆ ಕೈಯಿಡಲಾಗದಷ್ಟು, ಎಂದರೆ 55 ಡಿಗ್ರಿಗಿಂತ ಹೆಚ್ಚು ಬಿಸಿ ಕೆಲವು ದಿನ ನಿಂತು, ಮಗುಚಿ ಹಾಕಿ ಕಳಿತರೆ ಈ ಅಪಾಯ ಬಹುಮಟ್ಟಿಗೆ ಹೋಗುತ್ತದೆ. ನಮ್ಮ ಹಿರಿಯರು ಹಸಿಗೊಬ್ಬರವನ್ನು ಸೊಪ್ಪಿನ ಮಡಿಗೆ ಹಾಕುತ್ತಿರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ.

ಕೊನೆಯದಾಗಿ ಹಣದ ಮಾತು. ಕೆಚ್ಚಲು ಬಾವಿನ ಹಾಲನ್ನು ಚೆಲ್ಲಿ ಎಂದು ಸಲಹೆ ಕೊಡುವುದು ನನ್ನಂಥವರಿಗೆ ಸುಲಭ. ದಿನಕ್ಕೆ 10 ಲೀಟರು ಕೊಡುವ ಹಸುವಾದರೆ ನಾಲ್ಕು ದಿನಕ್ಕೆ 40 ಲೀಟರು. ಲೀಟರಿಗೆ 35 ರೂಪಾಯಿ ಹಿಡಿದರೂ 1,400 ರೂಪಾಯಿ ಮೋರಿಗೆ ಹೋದಂತೆ. ಮದ್ದಿನ ಖರ್ಚು ಬೇರೆ. ಒಂದೇ ಹಸುವನ್ನು ನಂಬಿ ಮಕ್ಕಳ ಶಾಲೆಯ ಖರ್ಚು ತೂಗಿಸುವ ಹೆಣ್ಣುಮಗಳಿಗೆ ಇದು ಸಣ್ಣ ಮೊತ್ತವಲ್ಲ. ಆ ಹಾಲು ಕುಡಿಯುವ ಪಟ್ಟಣದವನ ಆರೋಗ್ಯಕ್ಕಾಗಿ ಈ ನಷ್ಟವನ್ನು ಆಕೆಯೊಬ್ಬಳೇ ಏಕೆ ಹೊರಬೇಕು? ರಾಸು ಸತ್ತರೆ ವಿಮೆ ಇದೆ. ಹಾಲು ಚೆಲ್ಲಿದರೆ ಏಕಿರಬಾರದು? ಪಶುವೈದ್ಯರು ಬರೆದುಕೊಟ್ಟ ಚೀಟಿಯ ಆಧಾರದ ಮೇಲೆ, ತಡೆಹಿಡಿದ ದಿನಗಳ ಹಾಲಿಗೆ ಅರ್ಧ ಬೆಲೆಯನ್ನಾದರೂ ಸಂಘದ ನಿಧಿಯಿಂದ ಕೊಡುವ ಏರ್ಪಾಡು ಮಾಡಿದರೆ ಯಾರೂ ಇಂಥ ಹಾಲನ್ನು ಮುಚ್ಚಿಟ್ಟು ಕ್ಯಾನಿಗೆ ಸುರಿಯಲಾರರು. ನಿಮ್ಮ ಹಾಲು ಉತ್ಪಾದಕರ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ.